ಪಂಪ್ ಆರಿಸುವ ಮೊದಲು ಊರು ನೋಡಬೇಕು

ಬೆಂಗಳೂರಿನ ಒಂದು ಮನೆಯ ತಾರಸಿ ಮೇಲೆ ಸಾವಿರ ಲೀಟರಿನ ಟ್ಯಾಂಕ್ ಇದೆ ಎಂದುಕೊಳ್ಳಿ. ಅದರಲ್ಲಿರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬಂದಿರುತ್ತದೆ. ದಾರಿಯಲ್ಲಿ ಸುಮಾರು 500 ಮೀಟರ್ ಎತ್ತರ ಏರಿರುತ್ತದೆ. ಒಂದು ಟನ್ ನೀರನ್ನು ಅಷ್ಟು ಮೇಲಕ್ಕೆತ್ತಲು, ಬರೀ ಭೌತವಿಜ್ಞಾನದ ಲೆಕ್ಕದಲ್ಲೇ, 1.36 ಯೂನಿಟ್ ಕರೆಂಟ್ ಬೇಕು. ಪಂಪು ಮತ್ತು ಮೋಟಾರಿನಲ್ಲಿ ಕಾಲು ಭಾಗ ನಷ್ಟ ಆಗುತ್ತದೆ ಎಂದು ಹಿಡಿದರೆ 1.8 ಯೂನಿಟ್. ಪೈಪಿನೊಳಗಿನ ಘರ್ಷಣೆಗೆ ತಗಲುವುದು ಬೇರೆ.

ಈ ಏರಿಕೆ ಒಂದೇ ಉಸಿರಿಗೆ ಆಗುವುದಿಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆ ಪಂಪ್‌ಹೌಸ್‌ಗಳಿವೆ. ನೀರು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಯಾಕೆ ಹೀಗೆ? 10 ಮೀಟರ್ ಎತ್ತರದ ನೀರು ತನ್ನ ಬುಡದಲ್ಲಿ ಸರಿಸುಮಾರು 1 ಬಾರ್ ಒತ್ತಡ ಹಾಕುತ್ತದೆ. 500 ಮೀಟರಿಗೆ 50 ಬಾರ್. ಅಷ್ಟನ್ನು ತಾಳಿಕೊಳ್ಳುವ ಪೈಪು ಬಹಳ ದಪ್ಪ ಇರಬೇಕು. ಪ್ರತಿ ವಾಲ್ವು, ಪ್ರತಿ ಜಾಯಿಂಟು ಗಟ್ಟಿ ಇರಬೇಕು. ಏರಿಕೆಯನ್ನು ಮೂರಾಗಿ ಹಂಚಿದರೆ ಪೈಪು ಆ ಪೂರ್ತಿ ಭಾರವನ್ನು ಒಂದೇ ಕಡೆ ಹೊರಬೇಕಾಗಿಲ್ಲ.

ನೀರೆತ್ತುವ ಕೇಂದ್ರ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ವಸ್ತು ಅಲ್ಲ. ಪಂಪ್ ಸಿಗುತ್ತದೆ, ಕೇಂದ್ರ ಸಿಗುವುದಿಲ್ಲ. ಅದು ಆ ಊರಿನ ಏರುತಗ್ಗು, ಪೈಪಿನ ದಾರಿ, ಕರೆಂಟಿನ ಸ್ಥಿತಿ, ನೀರಿನ ಕೊಳೆ, ಇಷ್ಟನ್ನೂ ನೋಡಿ ಹುಟ್ಟಬೇಕು.

ಪಂಪಿಗೆ ಎರಡು ಪ್ರಶ್ನೆ ಇರುತ್ತವೆ. ಎಷ್ಟು ನೀರು? ಎಷ್ಟು ಎತ್ತರ? ಎಂಜಿನಿಯರ್‌ಗಳು ಈ ಎತ್ತರವನ್ನು ಹೆಡ್ ಅನ್ನುತ್ತಾರೆ. ಇದರಲ್ಲಿ ನೆಲದ ನಿಜವಾದ ಎತ್ತರ ಒಂದು ಪಾಲು, ಪೈಪಿನ ಘರ್ಷಣೆ ಇನ್ನೊಂದು ಪಾಲು. ಮೊದಲನೆಯದು ಬದಲಾಗದು. ಎರಡನೆಯದು ನೀರಿನ ವೇಗದ ಜೊತೆ ಏರುತ್ತದೆ: ಹರಿವು ಎರಡು ಪಟ್ಟಾದರೆ ಘರ್ಷಣೆ ಸುಮಾರು ನಾಲ್ಕು ಪಟ್ಟು. ಪಂಪಿನ ಸ್ವಭಾವ ಇದಕ್ಕೆ ಉಲ್ಟಾ. ಹೆಚ್ಚು ನೀರು ತಳ್ಳುವಾಗ ಅದು ಕಡಿಮೆ ಎತ್ತರಕ್ಕೆ ಮಾತ್ರ ಎತ್ತಬಲ್ಲದು. ಇವೆರಡನ್ನೂ ಒಂದೇ ನಕ್ಷೆಯಲ್ಲಿ ಗೆರೆಯಾಗಿ ಎಳೆದರೆ ಒಂದು ಕಡೆ ಕೂಡುತ್ತವೆ. ಪಂಪ್ ಓಡುವುದು ಆ ಬಿಂದುವಿನಲ್ಲೇ. ನಾವು ಬಯಸಿದಲ್ಲಿ ಅಲ್ಲ.

ಇಲ್ಲೇ ದೊಡ್ಡ ತಪ್ಪು ನಡೆಯುವುದು. 'ಇರಲಿ, ಸ್ವಲ್ಪ ಜಾಸ್ತಿ ಹಾಕೋಣ' ಎಂದು ಸರ್ವೆ ಮಾಡಿದವರು ಒಂದಿಷ್ಟು ಹೆಡ್ ಸೇರಿಸುತ್ತಾರೆ. ವಿನ್ಯಾಸ ಮಾಡುವವರು ಇನ್ನಷ್ಟು, ಕೊಳ್ಳುವವರು ಮತ್ತಷ್ಟು. ಕೊನೆಗೆ ಬೇಕಾದದ್ದಕ್ಕಿಂತ ಬಹಳ ದೊಡ್ಡ ಪಂಪ್ ಬಂದು ಕೂರುತ್ತದೆ. ನಿಜವಾದ ಹೆಡ್ ಕಡಿಮೆ ಇರುವುದರಿಂದ ಅದು ಲೆಕ್ಕಕ್ಕಿಂತ ಹೆಚ್ಚು ನೀರು ತಳ್ಳತೊಡಗುತ್ತದೆ. ಮೋಟಾರ್ ಬಿಸಿಯಾಗುತ್ತದೆ. ಆಗ ಆಪರೇಟರ್ ವಾಲ್ವನ್ನು ಅರ್ಧ ಮುಚ್ಚುತ್ತಾರೆ. ದುಡ್ಡು ಕೊಟ್ಟು ಹುಟ್ಟಿಸಿದ ಒತ್ತಡವನ್ನು ವಾಲ್ವಿನಲ್ಲೇ ಕೊಂದು, ವರ್ಷಗಟ್ಟಲೆ ಅದರ ಬಿಲ್ ಕಟ್ಟುವುದು! ಸುರಕ್ಷತೆಯ ಹೆಸರಿನಲ್ಲಿ ಸೇರಿಸಿದ ಹೆಡ್ ನನ್ನ ಪ್ರಕಾರ ಸುರಕ್ಷತೆಯೇ ಅಲ್ಲ. ಒಂದು ದೊಡ್ಡ ಪಂಪಿನ ಬದಲು ಮೂರ್ನಾಲ್ಕು ಸರಿಯಾದ ಪಂಪುಗಳನ್ನಿಟ್ಟು, ಒಂದನ್ನು ಸ್ಟ್ಯಾಂಡ್‌ಬೈ ಬಿಡುವುದೇ ವಾಸಿ.

ನೀರನ್ನು ಹೀರುವ ಕಡೆಯೂ ಊರಿನ ಮಾತು ಕೇಳಬೇಕು. ಪಂಪ್ ನೀರನ್ನು ಎಳೆಯುವುದಿಲ್ಲ. ಗಾಳಿಯ ಒತ್ತಡ ನೀರನ್ನು ಅದರ ಬಾಯಿಗೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಆ ಒತ್ತಡ 10.3 ಮೀಟರ್ ನೀರಿಗೆ ಸಮ. ಬೆಂಗಳೂರು 900 ಮೀಟರಿಗಿಂತ ಮೇಲಿದೆ, ಇಲ್ಲಿ ಸಿಗುವುದು ಸುಮಾರು 9.3 ಮೀಟರ್. ಮಂಗಳೂರಿನಲ್ಲಿ ಚೆನ್ನಾಗಿ ಓಡುವ ಪಂಪ್ ಇಲ್ಲಿ ನೀರಿನ ಮಟ್ಟದಿಂದ ಅಷ್ಟೇ ಎತ್ತರದಲ್ಲಿ ಕೂತರೆ ತೊಂದರೆ ಕೊಡಬಹುದು. ಬಾಯಿಯ ಹತ್ತಿರ ಒತ್ತಡ ತೀರಾ ಇಳಿದರೆ ಮಾಮೂಲಿ ಬಿಸುಪಿನಲ್ಲೇ ನೀರು ಕುದ್ದು ಗುಳ್ಳೆಗಳಾಗುತ್ತದೆ. ಆ ಗುಳ್ಳೆಗಳು ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರದ, ಅಂದರೆ ಇಂಪೆಲ್ಲರ್‌ನ, ಮೇಲೆ ಒಡೆದು ಲೋಹವನ್ನೇ ಕೊರೆಯುತ್ತವೆ. ಪಂಪಿನೊಳಗೆ ಜಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬರುತ್ತದೆ.

ಇಷ್ಟೆಲ್ಲ ಪಂಪ್ ಓಡುವಾಗಿನ ಕಥೆ. ಅದು ತಟ್ಟನೆ ನಿಂತಾಗ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ನಮ್ಮಲ್ಲಿ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ, ಅಲ್ವಾ? 10 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ನೀರು ಏರುತ್ತಿದೆ. ಕರೆಂಟ್ ಹೋಯಿತು. ಹಿಂದಿನಿಂದ ತಳ್ಳುವವರಿಲ್ಲ, ಆದರೆ ಮುಂದಿನ ನೀರು ತನ್ನ ಓಟದಲ್ಲೇ ಇದೆ. ಪಂಪಿನ ಬಳಿ ಒತ್ತಡ ಕುಸಿಯುತ್ತದೆ. ಆ ಕುಸಿತ ಉಕ್ಕಿನ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 1000 ಮೀಟರ್ ವೇಗದಲ್ಲಿ ಅಲೆಯಾಗಿ ಓಡುತ್ತದೆ. ಪೈಪು ದಿಬ್ಬ ಹತ್ತಿ ಇಳಿಯುವ ಜಾಗದಲ್ಲಿ ನೀರಿನ ಕಂಬ ಎರಡಾಗಿ ಬೇರೆಯಾಗಬಹುದು. ಮಧ್ಯೆ ಬರೀ ಆವಿ. ಅಲೆ ತುದಿ ಮುಟ್ಟಿ ಹಿಂದಿರುಗಲು 20 ಸೆಕೆಂಡ್. ಬೇರೆಯಾದ ಎರಡು ಕಂಬಗಳು ವಾಪಸ್ ಬಂದು ಡಿಕ್ಕಿ ಹೊಡೆಯುತ್ತವೆ. ಈ ವೇಗದ ಹರಿವು ಒಮ್ಮೆಲೇ ನಿಂತರೆ ಒತ್ತಡ ಸುಮಾರು 150 ಮೀಟರ್ ಹೆಡ್‌ನಷ್ಟು, ಅಂದರೆ 15 ಬಾರ್, ಏರುಪೇರಾಗುತ್ತದೆ. ಇದಕ್ಕೆ ವಾಟರ್ ಹ್ಯಾಮರ್ ಎಂದು ಹೆಸರು.

ಆದ್ದರಿಂದ ಪಂಪ್‌ಹೌಸ್ ಪಕ್ಕದಲ್ಲಿ ದೊಡ್ಡ ಉಕ್ಕಿನ ಏರ್ ವೆಸೆಲ್ ಕಂಡರೆ ಅದು ಸುಮ್ನೆ ನಿಂತಿಲ್ಲ ಎಂದು ತಿಳಿಯಿರಿ. ಅದರೊಳಗಿನ ಒತ್ತಿದ ಗಾಳಿ, ಪಂಪ್ ನಿಂತ ಕೂಡಲೇ ನೀರನ್ನು ಪೈಪಿಗೆ ತಳ್ಳಿ ಆ ಖಾಲಿಯನ್ನು ತುಂಬುತ್ತದೆ. ವಾಪಸ್ ಬರುವ ಅಲೆಯನ್ನೂ ತಾನೇ ನುಂಗುತ್ತದೆ. ದಿಬ್ಬಗಳ ಮೇಲೆ, ಒತ್ತಡ ಕುಸಿದಾಗ ಪೈಪಿನೊಳಗೆ ಗಾಳಿ ಬಿಡುವ ಏರ್ ವಾಲ್ವುಗಳು ಇರುತ್ತವೆ. ಎಷ್ಟು ದೊಡ್ಡ ವೆಸೆಲ್, ಎಲ್ಲಿ ವಾಲ್ವು ಎಂಬುದು ಆ ದಾರಿಯ ಒಂದೊಂದು ದಿಬ್ಬ ಗೊತ್ತಿದ್ದರೆ ಮಾತ್ರ ಹೇಳಲು ಬರುತ್ತದೆ.

ಇನ್ನು ಕೊಳಚೆ ನೀರು. ಬೆಂಗಳೂರು ದಿಬ್ಬದ ಮೇಲಿನ ಊರು. ಕುಡಿಯುವ ನೀರು ಕಷ್ಟಪಟ್ಟು ಹತ್ತಿ ಬಂದರೆ, ಕೊಳಚೆ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳದ ಕಣಿವೆಗಳಲ್ಲಿ ತಾನಾಗಿ ಇಳಿಯುತ್ತದೆ. ಹಾಗೆ ಇಳಿದದ್ದನ್ನು ಸಂಸ್ಕರಿಸಿ ಮತ್ತೆ ಪಂಪ್ ಮಾಡಿ ಕೋಲಾರದ ಕೆರೆಗಳಿಗೆ ಕಳಿಸುವ ಕೆಲಸ 2018ರಲ್ಲಿ ಶುರುವಾಯಿತು. ತಗ್ಗಿನ ಬಡಾವಣೆಗಳಲ್ಲಿ ಮಾತ್ರ ಕೊಳಚೆಯನ್ನೂ ಎತ್ತಬೇಕು. ಅದಕ್ಕೆ ಕೊಳಚೆ ಬಂದು ಸೇರುವ, ವೆಟ್‌ವೆಲ್ ಎಂಬ ಬಾವಿ ಬೇಕು.

ಈ ಬಾವಿಯ ಅಳತೆ ಎರಡು ಕಡೆಯಿಂದಲೂ ಬಿಗಿ. ಚಿಕ್ಕದಾದರೆ ಪಂಪ್ ಪದೇ ಪದೇ ಶುರುವಾಗಿ ನಿಂತು ಮೋಟಾರ್ ಸುಡುತ್ತದೆ. ಸೆಕೆಂಡಿಗೆ 20 ಲೀಟರ್ ಎತ್ತುವ ಪಂಪ್ ಗಂಟೆಗೆ 6 ಸಲಕ್ಕಿಂತ ಹೆಚ್ಚು ಶುರುವಾಗಬಾರದು ಎಂದರೆ, ಆನ್ ಮತ್ತು ಆಫ್ ಮಟ್ಟಗಳ ನಡುವೆ 3000 ಲೀಟರ್ ಜಾಗ ಬೇಕು. ಬರುವ ಕೊಳಚೆ ಪಂಪಿನ ಶಕ್ತಿಯ ಅರ್ಧದಷ್ಟಿದ್ದಾಗ ಪರಿಸ್ಥಿತಿ ತೀರಾ ಕೆಟ್ಟದ್ದು, ಲೆಕ್ಕ ಅದಕ್ಕೇ ಹಾಕಬೇಕು. ಹಾಗಂತ ಬಾವಿ ದೊಡ್ಡದು ಮಾಡಿದರೆ ಕೊಳಚೆ ಅಲ್ಲೇ ಕೊಳೆತು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಗೋಡೆಯ ಮೇಲಿನ ಬ್ಯಾಕ್ಟೀರಿಯಾ ಅದನ್ನು ಸಲ್ಫ್ಯೂರಿಕ್ ಆಮ್ಲ ಮಾಡಿ ಕಾಂಕ್ರೀಟನ್ನು ತಿನ್ನುತ್ತವೆ.

ಅದೇ ಅನಿಲ ಮನುಷ್ಯನನ್ನೂ ಕೊಲ್ಲುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ಬಟ್ಟೆ ಚೂರು, ಡೈಪರ್, ವೆಟ್ ವೈಪ್ಸ್ ಸಿಕ್ಕಿ ಪಂಪ್ ಕಟ್ಟಿಕೊಂಡಾಗ ಯಾರನ್ನಾದರೂ ಕೆಳಗಿಳಿಸುವ ಯೋಚನೆ ಬರುವುದು ಇಂಥ ಬಾವಿಗೇ. ಹಾಗಾಗಿ ವೆಟ್‌ವೆಲ್‌ನ ನಕ್ಷೆ ಬಂದರೆ ನಾನು ಮೊದಲು ಹುಡುಕುವುದು ಪಂಪಿನ ಅಶ್ವಶಕ್ತಿಯನ್ನಲ್ಲ, ಗೈಡ್ ರೈಲ್‌ಗಳನ್ನು. ಬಾವಿಯ ಬಾಯಿಂದ ತಳದವರೆಗೆ ಎರಡು ಸ್ಟೇನ್‌ಲೆಸ್ ಪೈಪು. ಮೇಲಿನಿಂದ ಚೈನ್ ಎಳೆದರೆ ಸಬ್‌ಮರ್ಸಿಬಲ್ ಪಂಪ್ ಅವುಗಳ ಗುಂಟ ಮೇಲೆ ಬರಬೇಕು. ಇಳಿಸಿದರೆ ತಾನಾಗಿ ಕೆಳಗಿನ ಪೈಪಿನ ಬಾಯಿಗೆ ಕಚ್ಚಿಕೊಳ್ಳಬೇಕು, ಬೋಲ್ಟ್ ಬಿಗಿಯುವ ಕೆಲಸ ಇರಬಾರದು. ಕಸ ಹಿಡಿಯುವ ಜಾಲರಿ ಬುಟ್ಟಿಯೂ ಮೇಲಿನಿಂದಲೇ ಎತ್ತುವಂತಿರಬೇಕು. ವಾಲ್ವುಗಳನ್ನು ಬಾವಿಯ ಹೊರಗೆ ಪ್ರತ್ಯೇಕ ಚೇಂಬರಿನಲ್ಲಿ ಇಡಬೇಕು. ಭಾರ ಎತ್ತುವ ಚೈನ್ ಬ್ಲಾಕ್ ನೇತುಹಾಕುವ ಗರ್ಡರ್ ಪಂಪಿನ ನೇರ ಮೇಲೆ ಬರಬೇಕು. ಇದಕ್ಕೆ ಮೊದಲೇ ಜಾಗ ಬಿಡದಿದ್ದರೆ ಆಮೇಲೆ ಸೇರಿಸುವುದು ಬಹಳ ಕಷ್ಟ.