‘ಹೆರಿಗೆ ಆಗಲಿ, ಆಮೇಲೆ ನೋಡೋಣ’

ಕಳೆದ ಮಳೆಗಾಲದಲ್ಲಿ ಆರು ತಿಂಗಳು ತುಂಬಿದ ಗರ್ಭಿಣಿಯೊಬ್ಬರು ಬಲಗೆನ್ನೆ ಊದಿಸಿಕೊಂಡು ಅತ್ತೆಯೊಡನೆ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬಂದರು. ನೋವು ಶುರುವಾಗಿದ್ದು ಮೂರನೆಯ ತಿಂಗಳಲ್ಲಿ. ಇಷ್ಟು ದಿನ ಏಕೆ ಬರಲಿಲ್ಲ ಎಂದು ಕೇಳಿದರೆ, “ಬಸುರಿ ಹೆಂಗಸಿನ ಹಲ್ಲಿಗೆ ಕೈ ಹಾಕಿಸಬಾರದು ಅಂತಾರಲ್ಲ ಡಾಕ್ಟ್ರೇ, ಹೆರಿಗೆ ಆಗಲಿ ಅಂತ ಸುಮ್ಮನಿದ್ವಿ” ಎಂದು ಅತ್ತೆಯೇ ಉತ್ತರ ಕೊಟ್ಟರು. ಆದರೆ ಅವರು ಸುಮ್ಮನಿರಲಿಲ್ಲ. ಸೊಸೆ ಪರ್ಸಿನಿಂದ ತೆಗೆದು ತೋರಿಸಿದ ಡೈಕ್ಲೋಫೆನಾಕ್ ಸ್ಟ್ರಿಪ್ಪಿನಲ್ಲಿ ಹತ್ತು ಮಾತ್ರೆಗಳ ಪೈಕಿ ಎರಡು ಮಾತ್ರ ಉಳಿದಿದ್ದವು. ಅದನ್ನು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೇಳಿ ತಂದಿದ್ದರು.

ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿ. ಹಲ್ಲಿನ ವೈದ್ಯರು ಕೊಡುವ ಇಂಜೆಕ್ಷನ್ನಿಗೆ ಹೆದರುವ ಮನೆಯವರು, ಅಂಗಡಿಯ ನೋವಿನ ಮಾತ್ರೆಗೆ ಹೆದರುವುದಿಲ್ಲ. ಭಯಪಡಬೇಕಾದದ್ದು ಆ ಮಾತ್ರೆಗೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಗುಂಪಿನ ಔಷಧಗಳನ್ನು 20 ವಾರಗಳ ನಂತರ ತೆಗೆದುಕೊಂಡರೆ ಮಗುವಿನ ಮೂತ್ರಪಿಂಡದ ಕೆಲಸ ಕುಗ್ಗಿ ಗರ್ಭದ ನೀರು ಕಡಿಮೆಯಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿದೆ. 30 ವಾರಗಳ ನಂತರವಂತೂ ಮಗುವಿನ ಹೃದಯದ ಬಳಿಯ ಒಂದು ಮುಖ್ಯ ರಕ್ತನಾಳ ಅಕಾಲದಲ್ಲಿ ಮುಚ್ಚಿಕೊಳ್ಳುವ ಅಪಾಯವಿದೆ. ಪ್ಯಾರಾಸಿಟಮಾಲ್ ಅನ್ನು ಕೂಡ ವೈದ್ಯರನ್ನು ಕೇಳಿಯೇ, ಬೇಕಾದಷ್ಟೇ ದಿನ ತೆಗೆದುಕೊಳ್ಳಬೇಕು.

ಇನ್ನು ಇಂಜೆಕ್ಷನ್ನಿನ ವಿಚಾರ. ಹಲ್ಲಿನ ಸುತ್ತ ಜೋಮು ಹಿಡಿಸಲು ನಾವು ಸಾಮಾನ್ಯವಾಗಿ ಬಳಸುವುದು ಲಿಗ್ನೋಕೇನ್. ಅದು ರಕ್ತಕ್ಕೆ ಸ್ವಲ್ಪವೂ ಸೇರುವುದಿಲ್ಲ ಎಂದು ನಾನು ಹೇಳುವುದಿಲ್ಲ. ಸೇರುತ್ತದೆ, ಆದರೆ ಹಲ್ಲಿಗೆ ಬೇಕಾಗುವ ಪ್ರಮಾಣದಲ್ಲಿ ಅದರಿಂದ ಮಗುವಿಗೆ ಹಾನಿಯಾಗುವುದು ಕಂಡುಬಂದಿಲ್ಲ. ಹೆರಿಗೆಯ ಹೊತ್ತಿನಲ್ಲಿ ಹೊಲಿಗೆ ಹಾಕುವಾಗ ನೋವಾಗದಿರಲೆಂದು ಕೊಡುವುದೂ ಬಹುತೇಕ ಇದೇ ಔಷಧವನ್ನು. ಒಂದು ಹಲ್ಲಿನ ಎಕ್ಸ್‌ರೇಯೂ ಹಾಗೆಯೇ: ಕಿರಣ ಕೆನ್ನೆಯತ್ತ ಹೋಗುತ್ತದೆ, ಹೊಟ್ಟೆಯವರೆಗೆ ತಲುಪುವುದು ಗಣನೆಗೆ ಬಾರದಷ್ಟು ಅಲ್ಪ. ಅಮೆರಿಕದ ಪ್ರಸೂತಿ ತಜ್ಞರ ಸಂಘ 2013ರಲ್ಲೇ ಇವೆರಡೂ ಗರ್ಭಿಣಿಯರಿಗೆ ಸುರಕ್ಷಿತವೆಂದು ಸ್ಪಷ್ಟಪಡಿಸಿದೆ. ಆದರೂ ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ರಕ್ತಸ್ರಾವದ ತೊಂದರೆ ಇರುವವರ ವಿಷಯದಲ್ಲಿ ಪ್ರಸೂತಿ ವೈದ್ಯರೊಡನೆ ಮಾತಾಡದೆ ನಾನು ಮುಂದುವರಿಯುವುದಿಲ್ಲ.

ಅವಸರವಿಲ್ಲದ ಕೆಲಸಗಳಿಗೆ ನಾಲ್ಕರಿಂದ ಆರನೆಯ ತಿಂಗಳು ಅನುಕೂಲ, ಏಕೆಂದರೆ ಆಗ ವಾಂತಿ ತಗ್ಗಿರುತ್ತದೆ, ಹೊಟ್ಟೆಯ ಭಾರವೂ ಹೆಚ್ಚಿರುವುದಿಲ್ಲ. ಕೀವು, ಬಾವು, ನಿದ್ದೆಗೆಡಿಸುವ ನೋವು ಇದ್ದರೆ ತಿಂಗಳು ಎಣಿಸುತ್ತ ಕೂರಬಾರದು.

‘ಆಮೇಲೆ’ ಎನ್ನುವವರು ಲೆಕ್ಕವನ್ನೂ ಪೂರ್ತಿ ಹಾಕುವುದಿಲ್ಲ. ಮೂರನೆಯ ತಿಂಗಳಲ್ಲಿ ನೋವು ಬಂದರೆ ಹೆರಿಗೆಗೆ ಇನ್ನೂ ಆರು ತಿಂಗಳಿದೆ. ಆಮೇಲೆ ತವರಿನಲ್ಲಿ ಬಾಣಂತನ. ತಲೆಗೆ ಬಟ್ಟೆ ಕಟ್ಟಿಕೊಂಡು ಕೋಣೆಯಲ್ಲಿರುವ ಬಾಣಂತಿಯನ್ನು ಹಲ್ಲಿನ ಆಸ್ಪತ್ರೆಗೆ ಯಾರು ಕಳಿಸುತ್ತಾರೆ? ಅಷ್ಟರಲ್ಲಿ ಸಣ್ಣ ಫಿಲ್ಲಿಂಗ್‌ನಲ್ಲಿ ಮುಗಿಯಬೇಕಾಗಿದ್ದ ಹುಳುಕು ರೂಟ್ ಕೆನಾಲ್‌ಗೋ, ಹಲ್ಲು ಕೀಳಿಸುವುದಕ್ಕೋ ಬಂದು ನಿಂತಿರುತ್ತದೆ. ‘ಮಗು ತಾಯಿಯ ಹಲ್ಲಿನ ಸುಣ್ಣ ಎಳೆದುಕೊಂಡಿತು’ ಎಂದು ದೂರು ಬೇರೆ. ಮಗು ಹಲ್ಲಿನಿಂದ ಸುಣ್ಣ ಎಳೆಯುವುದಿಲ್ಲ. ಹಲ್ಲು ಕೆಡಿಸಿದ್ದು ನಾವು ‘ಆಮೇಲೆ’ ಎಂದು ಹಾಗೇ ಬಿಟ್ಟ ಹುಳುಕು.

ಆ ಹೆಣ್ಣುಮಗಳ ಪ್ರಸೂತಿ ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿ ಮಾತ್ರೆಯ ವಿಷಯ ತಿಳಿಸಿದೆ; ಮರುದಿನವೇ ಸ್ಕ್ಯಾನ್ ಮಾಡಿ ಗರ್ಭದ ನೀರನ್ನು ನೋಡುವುದಾಗಿ ಅವರು ಹೇಳಿದರು. ಕುರ್ಚಿಯಲ್ಲಿ ಬಲಸೊಂಟದ ಕೆಳಗೆ ಸಣ್ಣ ದಿಂಬಿಟ್ಟು ಎಡಕ್ಕೆ ವಾಲಿಸಿ ಮಲಗಿಸಿದೆ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆಸುತ್ತು ಬರಬಹುದು. ಇಂಜೆಕ್ಷನ್ ಕೊಟ್ಟು, ಹಲ್ಲು ತೆರೆದು ಕೀವಿಗೆ ದಾರಿ ಮಾಡಿದೆ. ಮೂರು ತಿಂಗಳು ಹೆದರಿದ್ದ ಕೆಲಸ ಅರ್ಧ ಗಂಟೆಯೊಳಗೆ ಮುಗಿದಿತ್ತು. ಸ್ಕ್ಯಾನಿನಲ್ಲಿ ನೀರು ಸರಿಯಾಗಿದೆ ಎಂದು ಮರುದಿನ ಸಂಜೆ ಅತ್ತೆಯೇ ಫೋನ್ ಮಾಡಿ ತಿಳಿಸಿದರು.