ಮುಟ್ಟದೆ ನೋಡುವ ಡಾಕ್ಟ್ರು

"ಡಾಕ್ಟ್ರು ಕೈ ಹಿಡಿದೂ ನೋಡ್ಲಿಲ್ಲ" ಅನ್ನೋದು ಜಗಳೂರು, ಮೊಳಕಾಲ್ಮುರು ಕಡೆಯ ಹಿರಿಯರ ಹಳೇ ದೂರು. ಈಗ ಮೊಬೈಲ್ ಪರದೆಯೊಳಗಿನ ಡಾಕ್ಟ್ರಿಗೆ ಮುಟ್ಟೋಕೆ ಆಗೋದೇ ಇಲ್ಲ. ಆದರೂ ಕೆಲವು ಕಾಯಿಲೆಗಳಲ್ಲಿ ಅವರ ಮಾತು ಜೀವ ಉಳಿಸುತ್ತದೆ.

ದೂರದಿಂದಲೇ ರೋಗಿಯನ್ನು ನೋಡುವ ಈ ಟೆಲಿಮೆಡಿಸಿನ್ ಶುರುವಾಗಿದ್ದು ಹೃದಯದಿಂದ. 1905ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್ ಊರಿನ ವಿಜ್ಞಾನಿ ವಿಲೆಮ್ ಐಂಥೋವನ್, ಆಸ್ಪತ್ರೆಯಲ್ಲಿದ್ದ ರೋಗಿಯ ಇಸಿಜಿಯನ್ನು (ಹೃದಯ ಮಿಡಿತದ ಗೆರೆಚಿತ್ರ) ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಲ್ಯಾಬ್‌ನಲ್ಲಿ ಕೂತೇ ತೆಗೆದರು. ಅವರ ಯಂತ್ರದ ತೂಕ ಸುಮಾರು 270 ಕಿಲೋ! ಅದನ್ನು ಹೊತ್ತು ತಿರುಗೋದು ಆಗದ ಮಾತು. ಹಾಗಾಗಿ ಮಿಡಿತವೇ ಟೆಲಿಫೋನ್ ತಂತಿ ಹಿಡಿದು ಯಂತ್ರದ ಹತ್ತಿರ ಬಂತು.

ನಮ್ಮ ರಾಜ್ಯದಲ್ಲೂ ಹೃದಯಕ್ಕೇ ಮೊದಲ ಮಣೆ. 2002ರಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಆಗ ಅದಕ್ಕೆ ದೊಡ್ಡ ಡಿಶ್ ಬೇಕಿತ್ತು. ಈಗ ಜೇಬಿನ ಫೋನ್ ಸಾಕು.

ಹೃದಯವೇ ಯಾಕೆ? ರಕ್ತನಾಳ ಕಟ್ಟಿಕೊಂಡರೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಮೊಳಕಾಲ್ಮುರಿನಿಂದ ಚಿತ್ರದುರ್ಗಕ್ಕೆ ಬರೋದಕ್ಕೇ ಒಂದು ಗಂಟೆಗಿಂತ ಜಾಸ್ತಿ ಬೇಕು. ಇಸಿಜಿ ಮಾತ್ರ ಕ್ಷಣದಲ್ಲಿ ತಲುಪುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ನಡೆಯೋದು ಈ ಲೆಕ್ಕದ ಮೇಲೇ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ. ಅವರು ಹೂಂ ಅಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ, ಉಚಿತವಾಗಿ. ದೊಡ್ಡಾಸ್ಪತ್ರೆಗೆ ಸಾಗಿಸೋದು ಆಮೇಲೆ.

ಎಕ್ಸ್‌ರೇ, ಸ್ಕ್ಯಾನ್ ಓದೋದೂ ಹೀಗೆ ಸಲೀಸು. ಚರ್ಮಕ್ಕೆ ಫೋಟೋ ನಡೆಯುತ್ತದೆ, ಬೆಳಕು ಚೆನ್ನಾಗಿರಬೇಕಷ್ಟೇ. ಮನಸ್ಸಿನ ವಿಚಾರ ಬೇರೆ. ಅಲ್ಲಿ ಮಾತೇ ಪರೀಕ್ಷೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರಿಗೆ ಮನೆಯಿಂದಲೇ ಫೋನ್ ಮಾಡಬಹುದು. ಮನೋವೈದ್ಯರ ಬಾಗಿಲಲ್ಲಿ ಪರಿಚಯದವರು ಸಿಕ್ಕಾರು ಅನ್ನೋ ಅಳುಕಿಲ್ಲ. ನಮ್ಮಂಥ ಊರಲ್ಲಿ ಅದು ಸಣ್ಣ ವಿಷಯವಲ್ಲ, ಅಲ್ವಾ?

ಇಷ್ಟಾದರೂ ಇದಕ್ಕೆಲ್ಲ ಸ್ಪಷ್ಟ ನಿಯಮ ಬಂದಿದ್ದು 2020ರ ಮಾರ್ಚ್ 25ರಂದು, ಲಾಕ್‌ಡೌನ್ ಶುರುವಾದ ದಿನವೇ. ಯಾವ ಔಷಧವನ್ನು ಬರೀ ಫೋನಲ್ಲಿ ಬರೆದುಕೊಡಬಹುದು, ಯಾವುದಕ್ಕೆ ವಿಡಿಯೋ ಬೇಕು, ಯಾವುದನ್ನು ಬರೆಯಲೇಬಾರದು ಅಂತ ಅದರಲ್ಲಿದೆ. ಮುಟ್ಟಿ ನೋಡಲೇಬೇಕು ಅನಿಸಿದರೆ ರೋಗಿಯನ್ನು ಕರೆಸಿಕೊಳ್ಳಬೇಕು ಅಂತಲೂ ಇದೆ.

ಅಪೆಂಡಿಕ್ಸ್ ಅನುಮಾನ ಬಂದರೆ ಹೊಟ್ಟೆ ಒತ್ತಿ ನೋಡಲೇಬೇಕು. ಆ ನೋವಿನವರು ಇಂದಿಗೂ ದಾವಣಗೆರೆ ದಾರಿಯನ್ನೇ ಹಿಡಿಯುತ್ತಾರೆ.