ಛೇದವನ್ನು ಮರೆತ ಲೆಕ್ಕ: ಬಸುರಿ, ಬಾಣಂತಿ ಮತ್ತು ಕೊರೊನಾ

2020ರ ಆಗಸ್ಟ್‌ನಲ್ಲಿ ಚೊಚ್ಚಲ ಹೆರಿಗೆಗೆಂದು ಸಕಲೇಶಪುರದ ಬಳಿಯ ತವರಿಗೆ ಬಂದಿದ್ದ ನನ್ನ ಅಕ್ಕನ ಮಗಳ ‘ತಾಯಿ ಕಾರ್ಡಿ’ನಲ್ಲಿ, ತೂಕ ಮತ್ತು ಹಿಮೋಗ್ಲೋಬಿನ್ ಅಂಕಿಗಳ ಪಕ್ಕದಲ್ಲೇ, ಯಾರೋ ಕೆಂಪು ಶಾಯಿಯಲ್ಲಿ ‘ಪಾಸಿಟಿವ್’ ಎಂದು ಬರೆದು ಅಡಿಗೆರೆ ಎಳೆದಿದ್ದರು. ಆಕೆಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಹೆರಿಗೆಗೆ ದಾಖಲಾಗುವವರೆಲ್ಲರಿಗೂ ಮಾಡುತ್ತಿದ್ದ ಮೂಗಿನ ಪರೀಕ್ಷೆ ಇಲ್ಲದಿದ್ದರೆ ಸೋಂಕು ಬಂದು ಹೋದದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಊರಿನಲ್ಲಿ ‘ಬಸುರಿಗೆ ಬಂದರೆ ಎರಡು ಜೀವವೂ ಉಳಿಯುವುದಿಲ್ಲ’ ಎಂಬ ಮಾತು ಹಬ್ಬಿತು. ಆಕೆ ಮಗುವಿನೊಂದಿಗೆ ಕ್ಷೇಮವಾಗಿ ಮರಳಿದ ಮೇಲೆ ಅದೇ ಜನ ‘ಬಸುರಿಯರಿಗೆ ಇದು ತಾಗುವುದೇ ಇಲ್ಲವಂತೆ’ ಎನ್ನತೊಡಗಿದರು. ಎರಡು ಮಾತಿನ ತಪ್ಪೂ ಒಂದೇ. ಭಿನ್ನರಾಶಿಯ ಗೆರೆಯ ಮೇಲಿನ ಅಂಶವನ್ನು ಕಂಡವರು ಕೆಳಗಿನ ಛೇದವನ್ನು ಕೇಳಲಿಲ್ಲ.

ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಕಾಯಿಕೊರಕ ಹುಳು ಎಷ್ಟು ಹತ್ತಿದೆ ಎಂದು ತಿಳಿಯಲು ಗಿಡದ ಬುಡದಲ್ಲಿ ಉದುರಿದ ಹಣ್ಣನ್ನಷ್ಟೇ ಆಯ್ದು ನೋಡಿದರೆ ತೋಟವೇ ಹೋಯಿತು ಎನ್ನಿಸುತ್ತದೆ. ರೆಂಬೆಯ ಮೇಲಿನ ಕಾಯಿಗಳನ್ನೂ ಸೇರಿಸಿ, ನೂರು ಕಾಯಿಗಳಲ್ಲಿ ತೂತು ಬಿದ್ದವು ಎಷ್ಟು ಎಂದು ಎಣಿಸಿದಾಗಲೇ ನಿಜಸ್ಥಿತಿ ಗೊತ್ತಾಗುವುದು. ಹಾಸನದ ಆಲೂಗಡ್ಡೆ ವ್ಯಾಪಾರಿಯೂ ಚೀಲದ ಬಾಯಲ್ಲಿ ಕೊಳೆತ ಎರಡು ಗೆಡ್ಡೆ ಕಂಡ ಮಾತ್ರಕ್ಕೆ ಬೆಲೆ ಕಟ್ಟುವುದಿಲ್ಲ, ಚೀಲ ಸುರುವಿ ನೋಡುತ್ತಾನೆ. 2020ರ ಮೊದಲ ತಿಂಗಳುಗಳಲ್ಲಿ ಏದುಸಿರು ಬಿಡುತ್ತಾ ಆಸ್ಪತ್ರೆಗೆ ಬಂದ ಗರ್ಭಿಣಿಯರು ಉದುರಿದ ಹಣ್ಣಿನಂತಿದ್ದರು. ರೆಂಬೆಯ ಮೇಲಿದ್ದವರನ್ನು ಎಣಿಸಿದವರೇ ಇರಲಿಲ್ಲ.

ನ್ಯೂಯಾರ್ಕ್‌ನ ಎರಡು ಆಸ್ಪತ್ರೆಗಳಲ್ಲಿ ಆ ಚೀಲವನ್ನು ಸುರುವಿ ನೋಡಲಾಯಿತು. ಅಲ್ಲಿ 2020ರ ಮಾರ್ಚ್ 22ರಿಂದ ಏಪ್ರಿಲ್ 4ರವರೆಗೆ ಹೆತ್ತ 215 ಮಂದಿಯಲ್ಲಿ ರೋಗಲಕ್ಷಣವಿದ್ದ ನಾಲ್ವರಿಗೂ ಸೋಂಕಿತ್ತು. ಲಕ್ಷಣವಿಲ್ಲದಿದ್ದರೂ ಪರೀಕ್ಷೆಗೊಳಗಾದ 210 ಮಂದಿಯಲ್ಲಿ ಇನ್ನೂ 29 ಮಂದಿಗೆ ಸೋಂಕು ಕಂಡಿತು. ಲಕ್ಷಣವಿದ್ದವರನ್ನಷ್ಟೇ ಹಿಡಿದಿದ್ದರೆ ಛೇದ 4 ಆಗುತ್ತಿತ್ತು, ನಿಜವಾದ ಛೇದ 33. ಇದರಿಂದ ಇನ್ನೊಂದು ತೊಡಕೂ ಹುಟ್ಟಿತು. ಗರ್ಭಿಣಿಯರನ್ನೆಲ್ಲ ಪರೀಕ್ಷಿಸಿ, ಗರ್ಭಿಣಿಯರಲ್ಲದ ಹೆಂಗಸರನ್ನು ಜ್ವರ ಬಂದಾಗ ಮಾತ್ರ ಪರೀಕ್ಷಿಸಿದರೆ, ಮೊದಲ ಗುಂಪಿನಲ್ಲಿ ಏನೂ ಆಗದವರು ತುಂಬಿಕೊಂಡು ಛೇದ ಉಬ್ಬುತ್ತದೆ, ಬಸಿರೇ ರಕ್ಷಾಕವಚವೆಂಬ ಭ್ರಮೆ ಮೂಡುತ್ತದೆ. ಹಾಗಾಗಿ ಎಣಿಸಿದರಷ್ಟೇ ಸಾಲದು, ಯಾರ ಪಕ್ಕದಲ್ಲಿ ಯಾರನ್ನು ನಿಲ್ಲಿಸಿ ಎಣಿಸುತ್ತೇವೆ ಎಂಬುದೂ ಮುಖ್ಯ.

ಬಾಣಂತಿಯರ ವಿಷಯದಲ್ಲಿ ಈ ಪಾಠ ಹಳೆಯದು. ವಿಯೆನ್ನಾದ ದೊಡ್ಡ ಆಸ್ಪತ್ರೆಯೊಂದರಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯದರಲ್ಲಿ 4,010 ಹೆರಿಗೆಗೆ 459 ಸಾವು, ಎರಡನೆಯದರಲ್ಲಿ 3,754 ಹೆರಿಗೆಗೆ 105 ಸಾವು. ಕೆಟ್ಟ ಗಾಳಿಯೇ ಬಾಣಂತಿ ಜ್ವರಕ್ಕೆ ಕಾರಣವೆಂದು ಪಂಡಿತರು ಹೇಳುತ್ತಿದ್ದ ಕಾಲದಲ್ಲಿ, ಒಂದೇ ಸೂರಿನಡಿಯ ಎರಡು ವಿಭಾಗಗಳಿಗೆ ಗಾಳಿ ಬೇರೆ ಬೇರೆಯಾಗಿರಲು ಹೇಗೆ ಸಾಧ್ಯ ಎಂಬ ಪ್ರಶ್ನೆ ಅಲ್ಲಿನ ವೈದ್ಯ ಇಗ್ನಾಸ್ ಸೆಮ್ಮೆಲ್‌ವೈಸ್‌ಗೆ ಎದುರಾಯಿತು. ಶವ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆ ಮಾಡಿಸುತ್ತಿದ್ದಾರೆಂಬುದು ಹೊಳೆದು, 1847ರಲ್ಲಿ ಕ್ಲೋರಿನ್ ನೀರಿನಿಂದ ಕೈ ತೊಳೆಸಿದಾಗ ಸಾವು ಇಳಿಯಿತು. ರೋಗಾಣು ಎಂಬ ಕಲ್ಪನೆಯೇ ನೆಲೆಗೊಳ್ಳದಿದ್ದಾಗ ಈ ಕೆಲಸ ಮಾಡಿಸಿದ್ದು ಸೂಕ್ಷ್ಮದರ್ಶಕವಲ್ಲ, ಎರಡು ಛೇದಗಳು.

ಕೊರೊನಾ ಕಾಲದಲ್ಲಿ ಇದೇ ರೀತಿಯ ಹೋಲಿಕೆಯನ್ನು ‘ಇಂಟರ್‌ಕೋವಿಡ್’ ಅಧ್ಯಯನ ಭಾರತವೂ ಸೇರಿದಂತೆ 18 ದೇಶಗಳ 43 ಆಸ್ಪತ್ರೆಗಳಲ್ಲಿ ಮಾಡಿತು. ಸೋಂಕಿತ ಗರ್ಭಿಣಿ ಸಿಕ್ಕೊಡನೆ ಅದೇ ಆಸ್ಪತ್ರೆಗೆ ಆಕೆಯ ಬೆನ್ನಿಗೇ ಬಂದ, ಸೋಂಕಿಲ್ಲದ ಇಬ್ಬರನ್ನು ಸೇರಿಸಿಕೊಳ್ಳುತ್ತಾ, 706 ಸೋಂಕಿತರನ್ನು 1,424 ಮಂದಿಯೊಂದಿಗೆ ಹೋಲಿಸಲಾಯಿತು. 2021ರ ಏಪ್ರಿಲ್‌ನಲ್ಲಿ ಫಲಿತಾಂಶ ಬಂದಾಗ ‘ತಾಯಂದಿರ ಸಾವಿನ ಅಪಾಯ 22 ಪಟ್ಟು’ ಎಂಬುದೇ ದೊಡ್ಡ ಸುದ್ದಿಯಾಯಿತು. ಆ ಅಂಕಿ ಸುಳ್ಳಲ್ಲ, ಆದರೆ ಅದು ಬಂದದ್ದು 11 ಸಾವು ಮತ್ತು 1 ಸಾವಿನ ಹೋಲಿಕೆಯಿಂದ. ಇಷ್ಟು ಚಿಕ್ಕ ಅಂಕಿಗಳಿಂದ ಲೆಕ್ಕ ಹಾಕಿದಾಗ ನಿಜವಾದ ಪಟ್ಟು ಸುಮಾರು 3ರಿಂದ 172ರವರೆಗೆ ಎಲ್ಲಿ ಬೇಕಾದರೂ ಇರಬಹುದೆಂದು ಅದೇ ವರದಿಯಲ್ಲಿ ಮುದ್ರಿತವಾಗಿತ್ತು. ಅಪಾಯ ಹೆಚ್ಚೆಂಬುದು ಖಚಿತ, 22 ಎಂಬುದು ಖಚಿತವಲ್ಲ. ನನಗೆ ಹೆಚ್ಚು ಗಟ್ಟಿಯಾಗಿ ಕಂಡದ್ದು ಯಾರೂ ಗಮನಿಸದ ಸಣ್ಣ ಅಂಕಿಗಳು: ರಕ್ತದೊತ್ತಡ ಏರುವ ಪ್ರಿ-ಎಕ್ಲಾಂಪ್ಸಿಯಾ ಒಂದೂ ಮುಕ್ಕಾಲು ಪಟ್ಟು, ಅವಧಿಗೆ ಮುನ್ನ ಹೆರಿಗೆ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು.

ಮುಂಬೈನ ನಾಯರ್ ಆಸ್ಪತ್ರೆಯ ದಾಖಲೆಯೂ ಮೆಲುಕು ಹಾಕತಕ್ಕದ್ದು. ಮೊದಲ ಅಲೆಯಲ್ಲಿ ಸೋಂಕು ತಗುಲಿದ 1,143 ಗರ್ಭಿಣಿ ಮತ್ತು ಬಾಣಂತಿಯರಲ್ಲಿ ಸತ್ತವರು ಶೇ. 0.7, ಎರಡನೆಯ ಅಲೆಯ 387 ಮಂದಿಯಲ್ಲಿ ಶೇ. 5.7. ದೊಡ್ಡ ಆಸ್ಪತ್ರೆಗೆ ಕಷ್ಟದ ಪ್ರಕರಣಗಳೇ ಹೆಚ್ಚು ಬರುತ್ತವೆ ಎಂಬ ಎಚ್ಚರವಿಟ್ಟುಕೊಂಡರೂ ಎಂಟು ಪಟ್ಟಿನ ಏರಿಕೆಯನ್ನು ತಳ್ಳಿಹಾಕಲಾಗದು.

ಹಸುಗೂಸಿನ ಮಾತೂ ಇದೆ. ನನ್ನ ಅಕ್ಕನ ಮಗಳಿಗೆ ಮಗುವನ್ನು ಮುಟ್ಟಬೇಡ, ಹಾಲೂಡಬೇಡ ಎಂದವರು ಹಲವರು. ಇಂಟರ್‌ಕೋವಿಡ್‌ನಲ್ಲಿ ಸೋಂಕಿತ ತಾಯಂದಿರ ಪರೀಕ್ಷಿತ ಶಿಶುಗಳಲ್ಲಿ ಶೇ. 13ರಷ್ಟಕ್ಕೆ ಸೋಂಕು ಕಂಡರೂ ಎದೆಹಾಲಿನಿಂದ ಅದು ಹೆಚ್ಚಿದ ಸೂಚನೆ ಸಿಗಲಿಲ್ಲ. ಮಾಸ್ಕ್ ಧರಿಸಿ ಹಾಲೂಡಿಸಿರೆಂದೇ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತ್ತು. ಅಪಾಯವಿದ್ದದ್ದು ಕಿಟಕಿ ಮುಚ್ಚಿ ಸಾಂಬ್ರಾಣಿ ಹೊಗೆ ಹಾಕಿದ ಬಾಣಂತಿ ಕೋಣೆಗೆ ಮಗು ನೋಡಲು ಬರುತ್ತಿದ್ದ ನೆಂಟರ ಉಸಿರಿನಲ್ಲಿ, ಆದರೆ ಅವರನ್ನು ತಡೆದವರಿಲ್ಲ. ಅದಕ್ಕೂ ಮೊದಲು, 2020ರ ಜೂನ್ 21ರ ಸೂರ್ಯಗ್ರಹಣದ ದಿನ, ಏಳು ತಿಂಗಳ ಆ ಬಸುರಿಯನ್ನು ಬೆಳಗಿನಿಂದ ಒಳಮನೆಯಲ್ಲಿ ಕೂರಿಸಿದ್ದರು. ಗ್ರಹಣ ಕಂಡರೆ ಮಗುವಿಗೆ ಸೀಳುತುಟಿ ಬರುತ್ತದೆಂಬ ನಂಬಿಕೆಯೂ ಛೇದವಿಲ್ಲದ ಲೆಕ್ಕವೇ: ಸೀಳುತುಟಿಯ ಒಂದು ಮಗುವನ್ನು ಊರು ಮೂರು ತಲೆಮಾರು ನೆನೆಯುತ್ತದೆ, ಗ್ರಹಣದ ಹೊತ್ತಿನಲ್ಲಿ ಗದ್ದೆಯಲ್ಲಿದ್ದು ಸುಖವಾಗಿ ಹೆತ್ತವರನ್ನು ಎಣಿಸುವವರಿಲ್ಲ.

ಛೇದ ಸೊನ್ನೆಯಾದರೆ ಭಾಗಾಕಾರಕ್ಕೆ ಅರ್ಥವೇ ಇಲ್ಲವೆಂದು ಶಾಲೆಯಲ್ಲಿ ಕಲಿತಿದ್ದೇವೆ. ಲಸಿಕೆಯ ಮೊದಲ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಿಕೊಳ್ಳದ ಕಾರಣ ಅವರ ಪಾಲಿಗೆ ಆದದ್ದು ಅದೇ. 2021ರ ಜನವರಿ 16ರಂದು ದೇಶದಲ್ಲಿ ಲಸಿಕೆ ಶುರುವಾದಾಗ ಮಾಹಿತಿಯಿಲ್ಲವೆಂದು ಅವರನ್ನು ಹೊರಗಿಡಲಾಯಿತು, ಎರಡನೆಯ ಅಲೆ ಬಂದದ್ದು ಆ ಅವಧಿಯಲ್ಲೇ. ಹಾಲೂಡುವ ತಾಯಂದಿರಿಗೆ ಮೇ 19ರಂದು ಒಪ್ಪಿಗೆ ಸಿಕ್ಕಿತು. ಜೂನ್ ಕೊನೆಯ ವಾರ ಅಕ್ಕನ ಮಗಳು ಹತ್ತು ತಿಂಗಳ ಕೂಸನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಚುಚ್ಚಿಸಿಕೊಂಡಳು. ಜೊತೆಗೆ ಬಂದಿದ್ದ, ಐದು ತಿಂಗಳು ತುಂಬಿದ್ದ ಅವಳ ವಾರಗಿತ್ತಿಯ ‘ತಾಯಿ ಕಾರ್ಡ್’ ನೋಡಿದ ನರ್ಸಮ್ಮ, ‘ನಿಮಗೆ ಇನ್ನೂ ಆರ್ಡರ್ ಬಂದಿಲ್ಲಮ್ಮ’ ಎಂದು ಸಾಲಿನಿಂದ ಹಿಂದಕ್ಕೆ ಕಳಿಸಿದರು. ಆರ್ಡರ್ ಬಂದದ್ದು ಜುಲೈ 2ರಂದು.